ಸೊಸೆಯ ಹೆಸರಿನ ಚೆಕ್ಕು

ಚಳಿಗಾಲದ ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಹೊಸ್ತಿಲು ದಾಟುವ ಮೊದಲು, ಸೊಸೆ ವಿಮೆಯ ಚೆಕ್ಕನ್ನು ತಂದು ನನ್ನ ಕೈಗಿಟ್ಟಳು. ನಮ್ಮ ಮನೆಯಲ್ಲಿ ಯಾರಿಗೆ ದುಡ್ಡು ಬಂದರೂ ಮೊದಲು ಹಿರಿಯರ ಕೈಗೆ ಕೊಡುವುದು ರೂಢಿ. ಚೆಕ್ಕಿನ ಮೇಲಿದ್ದ ಅವಳ ಹೆಸರನ್ನು ಓದಿದೆ. ಮಗ ಸತ್ತ ಮೇಲೆ ನನಗೆ ಯಾವುದೂ ಸರಿಯಾಗಿ ತಟ್ಟುತ್ತಿರಲಿಲ್ಲ.

ಎದುರಿಗೆ ಮರದ ವ್ಯಾಪಾರಿ ಕೂತಿದ್ದ. ಮಗನ ಬಡಗಿ ಅಂಗಡಿಗೆ ಸಾಲದ ಮೇಲೆ ಮರ ಕೊಟ್ಟವನು ಅವನು, ಅದಕ್ಕೆ ಜಾಮೀನು ನಿಂತವನು ನಾನು.

"ಹಿರೀರ ಕೈಗೇ ಬಂತಲ್ಲ, ನಮ್ಮದು ಚುಕ್ತಾ ಮಾಡ್ಬಿಡಿ," ಎಂದ.

ಪಾಲಿಸಿ ಮಾಡಿಸಿದ ದಿನ ಮಗ ನನಗೆ ಹೇಳಿದ್ದ: "ಅಪ್ಪಾ, ಇದನ್ನ ಹೆಂಡ್ತಿ ಮಕ್ಕಳಿಗೇ ಅಂತ ಬರೆಸಿದೀನಿ. ನಂಗೆ ಸಾಲ ಕೊಟ್ಟೋರು ಮುಟ್ಟೋ ಹಾಗಿಲ್ಲ." ಆದರೆ ಸೊಸೆ ಅದನ್ನು ಬಿಡಿಸಿ ನನ್ನ ಖಾತೆಗೆ ಹಾಕಿದರೆ ಅದು ಜಾಮೀನುದಾರನ ದುಡ್ಡಾಗುತ್ತದೆ, ವ್ಯಾಪಾರಿ ಮುಟ್ಟಬಹುದು.

ಚೆಕ್ಕನ್ನು ಸೊಸೆಗೆ ವಾಪಸು ಕೊಟ್ಟೆ. "ತಗೋ ತಾಯಿ. ನಿನ್ನೊಬ್ಬಳ ಹೆಸರಲ್ಲಿ ಖಾತೆ ಮಾಡಿಸಿ ಹಾಕು. ಅಂಗಡಿ ಖಾತೆಗೂ ಬೇಡ, ನನ್ನದಕ್ಕೂ ಬೇಡ."

"ನೀವು ಇಟ್ಕೊಳ್ದೆ ನಾನು ಹೇಗೆ ಮಾವ..."

"ಹೇಳಿದಷ್ಟು ಮಾಡಮ್ಮ."

ವ್ಯಾಪಾರಿ ನಕ್ಕ. "ಭಲೇ ಯಜಮಾನ್ರೇ! ಜಾಮೀನು ನಿಂತಿದ್ದು ಬರೀ ಫೋಟೋಕ್ಕಾ?"

"ನಾನು ಕಟ್ಟಿಸಿದ ಈ ಮನೆ ಇದೆಯಲ್ಲಪ್ಪ. ನಾನು ನಿಂತಿದ್ದಕ್ಕೆ ನನ್ನದನ್ನ ತಗೋ."

ಮನೆ ಬರೆದುಕೊಟ್ಟೆ. ಯಾರದೋ ಮನೆ ಖಾಲಿಯಾಗುವುದನ್ನು ನೋಡಿದ ಹಾಗಿತ್ತು. ಸೊಸೆ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ಭಾನುವಾರ ಅವಳೂ ಮಕ್ಕಳೂ ಅಲ್ಲಿಗೆ ಹೋದರು. ಸೋಮವಾರ ಬೀಗದ ಕೈಯನ್ನು ವ್ಯಾಪಾರಿಗೆ ಕೊಟ್ಟು ನಾನೂ ಅಲ್ಲಿಗೇ ಹೊರಟೆ.