ಉಗ್ರಪ್ಪನ ಬಲಗಾಲು

ರಾಗಿ ಕೊಯ್ಲು ನಡೆದಿತ್ತು. ಎಮ್ಮೆದೊಡ್ಡಿಯ ಗಂಡಸರು ಕುಡುಗೋಲು ಹೊಲದಲ್ಲೇ ಬಿಟ್ಟು ಬಂದು, ಉಗ್ರಪ್ಪನ ಜಮೀನಿನ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದರು. ಮನೆಯ ಜಗಲಿಯ ಮೇಲೆ ತೀರಿಕೊಂಡ ಉಗ್ರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ಎಡಗಾಲು ಮಡಿಚಿಕೊಂಡಿತ್ತು, ಬಲಗಾಲು ಒನಕೆಯ ಹಾಗೆ ನೆಟ್ಟಗೆ ಚಾಚಿಕೊಂಡಿತ್ತು.

"ಶಿವನ ಮುಂದೆ ಹಿಂಗೆ ಕಾಲು ಚಾಚ್ಕಂಡು ಹೋಗ್ತಾನೇನ್ರಪ್ಪಾ?" ಎಂದರು ಕ್ರಿಯೆ ಮಾಡಿಸಲು ಬಂದಿದ್ದ ರುದ್ರಮೂರ್ತಿ ಅಯ್ಯನವರು. "ಗುಂಡೀಲಿ ಪದ್ಮಾಸನ ಆಗ್ಬೇಕು. ಬಿಸಿನೀರು ಹುಯ್ದು ಮಡಿಚಿ."

"ಬಿಸಿನೀರಿಗೆ ಬಗ್ಗೋ ಕಾಲಲ್ಲ ಅಯ್ನೋರೇ," ಎಂದ ಪಕ್ಕದ ಮನೆಯ ಜಯದೇವಪ್ಪ. "ಮಂಡಿಗೆ ಒಂದೇಟು ಹಾಕುದ್ರೆ ಆಯ್ತು. ಸತ್ತೋನಿಗೆ ನೋವಾ?"

ಕರಿಬಸಮ್ಮ ಗಂಡನ ಮಂಡಿಯ ಮೇಲೆ ಕೈಯಿಟ್ಟು ಕೂತಳು. "ಮುಟ್ಟಿ ನೋಡಣ, ಯಾರು ಮುಟ್ತೀರೋ."

"ಕುಡ್ದು ಗಾಡಿಯಿಂದ ಬಿದ್ದ ಕಾಲಿಗೆ ಇಷ್ಟು ಮರ್ಯಾದೇನಾ ಅಕ್ಕಾ?" ಎಂದ ಜಯದೇವಪ್ಪ.

"ಕುಡ್ದಿರ್ಲಿಲ್ಲ ಕಣೋ." ಮೂವತ್ತಾರು ವರ್ಷದಿಂದ ಅವಳು ಇದನ್ನೇ ಹೇಳುತ್ತಿದ್ದಳು. ಊರು ನಂಬಿರಲಿಲ್ಲ.

*

ಹೋದ ತಿಂಗಳು ಪ್ರಸನ್ನಕುಮಾರ್ ಎಂಬ ನಿರ್ದೇಶಕ ಬಂದು ಇದೇ ಜಗಲಿಯಲ್ಲಿ ಕೂತಿದ್ದ. ಒಂದು ಕಾಲಕ್ಕೆ ಊರೂರನ್ನೇ ಟೀವಿ ಮುಂದೆ ಕೂರಿಸಿದ್ದ ಹೊಡೆದಾಟದ ಧಾರಾವಾಹಿಯನ್ನು ಅವನೀಗ ಸಿನಿಮಾ ಮಾಡುತ್ತಿದ್ದ. ಅದರ ಒಂದು ಕಂತನ್ನು ಇಲ್ಲಿನ ದನ ಮೇಯುವ ಕಾವಲಿನಲ್ಲೇ ತೆಗೆದಿದ್ದರು. ನಾಯಕ ಓಡುವ ಗಾಡಿಯಿಂದ ಅಮೃತಮಹಲ್ ಹೋರಿಯ ಬೆನ್ನಿಗೆ ಹಾರುತ್ತಾನೆ.

"ಆ ಹೀರೋಗೆ ಹೋರಿ ಕಂಡ್ರೆ ಜೀವ ಹೋಗೋದು," ಎಂದು ಉಗ್ರಪ್ಪ ನಕ್ಕಿದ್ದ. "ಅವನ ಅಂಗಿ ಹಾಕ್ಕಂಡು ನಾನು ಹಾರ್ದೆ. ಮೊದಲ್ನೇ ಸಲ ಸರ್ಯಾಗೇ ಕೂತೆ ಸ್ವಾಮಿ. ಆದ್ರೆ ನನ್ ಮುಖ ಕಂಡ್ಬಿಡ್ತಂತೆ. ಮುಖ ತಿರುಗಿಸ್ಕಂಡು ಇನ್ನೊಂದ್ಸಲ ಹಾರು ಅಂದ್ರು. ಹೋರಿ ನೋಡ್ದೆ ಹಾರಕ್ಕಾಯ್ತದಾ? ಕೆಳಗೆ ಬಿದ್ದೆ, ಮಂಡಿ ಹೋಯ್ತು, ಆಮೇಲೆ ಬಗ್ಗಲೇ ಇಲ್ಲ."

"ನಾವು ಹೋರೀನ ಕಂಪ್ಯೂಟರ್‌ನಲ್ಲೇ ಮಾಡ್ತೀವಿ ಅಜ್ಜ."

"ಹಂಗಾರೆ ಒದೆಯಲ್ಲ ಬಿಡಿ."

ಮೊದಲ ಹಾರಾಟದ ಟೇಪು ಉಳಿದಿರಬಹುದು, ಹುಡುಕಿ ತಂದು ತೋರಿಸುತ್ತೇನೆ ಎಂದು ಪ್ರಸನ್ನಕುಮಾರ್ ಮಾತು ಕೊಟ್ಟು ಹೋಗಿದ್ದ.

*

ನೀರು ಕಾಯುವ ಹೊತ್ತಿಗೆ ಅಂಗಳದಲ್ಲಿ ಕಾರು ನಿಂತಿತು. ನಗುತ್ತ ಇಳಿದ ಪ್ರಸನ್ನಕುಮಾರ್, ಜಗಲಿಯ ಮೇಲಿನ ಹೂವಿನ ಹಾರ ಕಂಡು ಅಲ್ಲೇ ನಿಂತ.

"ಸಿಕ್ತು ಅಮ್ಮ," ಎಂದ. "ಒಂದು ದಿನ ತಡ ಆಯ್ತು."

"ತೋರ್ಸಿ," ಎಂದಳು ಕರಿಬಸಮ್ಮ, ಮಂಡಿಯ ಮೇಲಿನ ಕೈ ತೆಗೆಯದೆ. "ಎಲ್ಲಾರ್ಗೂ ತೋರ್ಸಿ."

ಮೊಬೈಲಿನ ಸುತ್ತ ತಲೆಗಳು ಬಾಗಿದವು. ದೂಳೆಬ್ಬಿಸಿ ಗಾಡಿ ಬಂತು. ಕೆಂಪಂಗಿಯ ಹುಡುಗ ಹಾರಿ ಹೋರಿಯ ಬೆನ್ನ ಮೇಲೆ ಕೂತ. ತಿರುಗಿ, ಹಲ್ಲೆಲ್ಲ ಕಾಣುವಂತೆ ನಕ್ಕ. ಉಗ್ರಪ್ಪನೇ. ಹಿಂದಿನಿಂದ ಯಾರೋ ಕೂಗಿದ್ದು ಸ್ಪಷ್ಟವಾಗಿ ಕೇಳಿತು: "ಮುಖ ಕಾಣ್ತು! ಇನ್ನೊಂದು ಸಲ!"

ಜಯದೇವಪ್ಪ ಮೊಬೈಲಿಗೆ ಮುಖ ಹತ್ತಿರ ತಂದ. "ಇನ್ನೊಂದ್ಸಲ ಹಾಕಿ ಸ್ವಾಮಿ," ಎಂದ. ನೋಡಿದ.

ಅಯ್ಯನವರು ಚಾಚಿದ ಕಾಲಿನ ಉದ್ದವನ್ನು ಗೇಣು ಹಾಕಿ ಅಳೆದರು. "ಬಲಗಡೆ ಇನ್ನೆರಡಡಿ ತೋಡುಸ್ರಪ್ಪ. ಶಿವ ಏನೂ ಅಂದ್ಕಳಲ್ಲ."

ಗುದ್ದಲಿ ಹೆಗಲಿಗೇರಿಸಿ ಮೊದಲು ಹೊರಟವನು ಜಯದೇವಪ್ಪನೇ.

ಹೊತ್ತು ವಾಲಿದಾಗ ಉಗ್ರಪ್ಪ ಗುಂಡಿಯಲ್ಲಿ ಕೂತಿದ್ದ, ಹೊಸದಾಗಿ ತೋಡಿದ ಕಡೆಗೆ ಕಾಲು ಚಾಚಿ. ಎಲ್ಲರೂ ಮಣ್ಣು ಹಿಡಿದು ನಿಂತರೂ ಗುಂಡಿಗಿಳಿದಿದ್ದ ಜಯದೇವಪ್ಪ ಮೇಲೆ ಹತ್ತಲಿಲ್ಲ. ಉಗ್ರಪ್ಪನ ಹಿಮ್ಮಡಿಗೆ ಕಲ್ಲೊಂದು ಒತ್ತುತ್ತಿತ್ತು. ಹೆಗಲ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಕಾಲನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ಅಡಿಗೆ ಹಾಸಿದ.