ಬೆಣ್ಣಿ ಮತ್ತು ಒಗೆಯದ ಸೀರೆ

ನಮ್ಮಲ್ಲಿ ಎರಡನೇ ಹೆಂಡತಿಯಾಗಿ ಹೋಗುವವಳು ಸತ್ತವಳನ್ನು ಕೊರಳಲ್ಲಿ ಕಟ್ಟಿಕೊಂಡೇ ಹೋಗಬೇಕು. ತಾಳಿಯ ಪಕ್ಕಕ್ಕೆ ಅವಳ ಹೆಸರಿನದೊಂದು ಸಣ್ಣ ಬಿಲ್ಲೆ; ಕುಂಕುಮ ಮೊದಲು ಅದಕ್ಕೆ, ಆಮೇಲೆ ನನಗೆ. ಹನುಮಸಾಗರದಿಂದ ಗಂಗಾವತಿಗೆ, ಗೋವಿಂದರಾಜನ ಮನೆಗೆ, ನಾನು ಬಂದದ್ದು ಹಾಗೆ. ಬಿಲ್ಲೆಯ ಲಲಿತಾ ಏನೂ ತೊಂದರೆ ಕೊಡಲಿಲ್ಲ. ಜೀವ ತಿಂದದ್ದು ಅವಳ ನಾಯಿ.

ಹೆಸರು ಬೆಣ್ಣಿ. ಶಿಟ್ಜು ಜಾತಿ, ಮೊಳದುದ್ದದ ಮೈ, ಚಪ್ಪಟೆ ಮೂಗು, ನೆಲ ಗುಡಿಸುವಷ್ಟು ಕೂದಲು. ಲಲಿತಾ ಕಾಮಾಲೆಯಾಗಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ಆದರೂ ಮಧ್ಯಾಹ್ನ ಎರಡಕ್ಕೆ, ಅವಳು ಅದರ ಕೂದಲು ಬಾಚಲು ಕೂಡುತ್ತಿದ್ದ ಹೊತ್ತಿಗೆ, ಅದು ಒಳಕೋಣೆಯ ಅಲಮಾರಿನ ಮುಂದೆ ಹೋಗಿ ನಿಂತು ಬಾಲ ಆಡಿಸುತ್ತಿತ್ತು. ಕತ್ತೆತ್ತಿ ಯಾರದೋ ಮುಖ ನೋಡುತ್ತಿತ್ತು. ಆಮೇಲೆ ಬಾಚಿಸಿಕೊಳ್ಳಲು ಬೆನ್ನು ಕೊಟ್ಟು ಮಲಗುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಬಾಚಣಿಕೆ ಹಿಡಿದು ನಾನು ಹೋದರೆ ಕಚ್ಚಲು ಬರುತ್ತಿತ್ತು. ಗಂಡ ಹೋದರೂ ಅದೇ ಕಥೆ.

ಏಪ್ರಿಲ್ ಹೊತ್ತಿಗೆ ಕೂದಲು ಗಂಟುಗಟ್ಟಿ ನಾರತೊಡಗಿತು. ಅನ್ನ ಬಿಟ್ಟಿತು. ಪಶು ಆಸ್ಪತ್ರೆಯ ಡಾಕ್ಟರು ದೂರದಿಂದಲೇ ನೋಡಿ ಹೇಳಿದರು: "ಒಳಗ ಚರ್ಮ ಕೊಳ್ಯಾಕ ಹತ್ತೈತ್ರಿ. ಮಂಪರಿನ ಇಂಜೆಕ್ಷನ್ ಕೊಟ್ಟು ಬೋಳಿಸೋಣಂದ್ರ ಚಪ್ಪಟಿ ಮೂಗಿನ ನಾಯಿ, ಉಸಿರ ನಿಂತರೂ ನಿಲ್ತೈತಿ. ನೀವ ರಮಿಸಿ ಗಂಟು ಬಿಡಸ್ರಿ. ಇಲ್ಲಂದ್ರ ಈ ಬ್ಯಾಸಗಿ ದಾಟೂದಿಲ್ಲ."

ಮನೆಗೆ ಬಂದು ಹೇಳಿದಾಗ ಅತ್ತೆ ವಿರೂಪಾಕ್ಷಮ್ಮ ನಾಯಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಅಷ್ಟೇ ಸಾಕಿತ್ತು. ಮೊದಲನೆಯವಳ ನಾಯಿ ಎರಡನೆಯವಳ ಕೈಯಲ್ಲಿ ಸತ್ತರೆ ಓಣಿಯ ಬಾಯಿಗೆ ಬೀಗ ಹಾಕುವವರು ಯಾರು? ಅದು ಬದುಕಿದರೆ ನಾನು ಈ ಮನೆಯಲ್ಲಿ ಬಾಳಿದೆ, ಸತ್ತರೆ ಇಲ್ಲ ಅನ್ನಿಸಿತು.

ಮರುದಿನ ಅತ್ತೆ ಊಟ ಮಾಡಿ ಅಡ್ಡಾದ ಮೇಲೆ ಅಲಮಾರು ತೆಗೆದೆ. ಕೆಳಗಿನ ಖಾನೆಯಲ್ಲಿ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ, ಲಲಿತಾ ಆಸ್ಪತ್ರೆಗೆ ಹೋದ ದಿನ ಬಿಚ್ಚಿಟ್ಟಿದ್ದ ಹಸಿರು ಇಳಕಲ್ ಸೀರೆ. ಒಗೆದಿರಲಿಲ್ಲ, ಅವಳ ಮೈವಾಸನೆ ಹಾಗೇ ಇತ್ತು. ಹೇಸಿಕೆ, ಹೆದರಿಕೆ ಎರಡನ್ನೂ ನುಂಗಿಕೊಂಡು ಉಟ್ಟು ಕೂತೆ.

ಬೆಣ್ಣಿ ಬಂತು. ಸೆರಗು ಮೂಸಿ ಕುಂಯ್‌ಗುಟ್ಟಿತು. ತೊಡೆ ಹತ್ತಿ ಬೆನ್ನು ಕೊಟ್ಟಿತು. ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದೇ ಗಂಟು ಬಿಡಿಸಿದೆ. ಆದರೆ ಅದು ನನ್ನ ಮುಖ ನೋಡಲೇ ಇಲ್ಲ, ನನ್ನ ಹೆಗಲ ಹಿಂದೆ ನೋಡುತ್ತಿತ್ತು. ಕುತ್ತಿಗೆಗೆ ಉಸಿರು ತಾಕಿದಂತಾಯಿತು. ತಿರುಗುವ ಧೈರ್ಯ ನನಗೆಲ್ಲಿ?

"ಇದ್ರ ಇರವಾ," ಅಂದೆ. "ನಿನ್ನ ನಾಯೀನ ಉಳಸಾಕ ಹತ್ತೀನಿ. ನನ್ನ ಮ್ಯಾಲ ಸಿಟ್ಟ ಮಾಡಬ್ಯಾಡ."

ದಿನಾ ಎರಡಕ್ಕೆ ಉಡುವುದು, ಬಾಚುವುದು, ಗಾಯಕ್ಕೆ ಮುಲಾಮು, ಕಣ್ಣಿನ ಪಿಚ್ಚು ಒರೆಸುವುದು, ಅತ್ತೆ ಏಳುವುದರೊಳಗೆ ಸೀರೆ ಮಡಚಿ ಚೀಲಕ್ಕೆ ಹಾಕುವುದು. ಗಂಗಾವತಿಯ ಬಿಸಿಲು, ಬೆವರಲ್ಲಿ ತೊಯ್ದು ಹೋಗುತ್ತಿದ್ದೆ. ಎರಡು ತಿಂಗಳಲ್ಲಿ ಗಾಯ ಒಣಗಿತು, ಹೊಸ ಕೂದಲು ಬಂತು. ಒಂದು ಮಧ್ಯಾಹ್ನ ಬೆಣ್ಣಿ ಅಲಮಾರಿನ ಕಡೆ ಹೋಗಲಿಲ್ಲ. ಅಡುಗೆಮನೆಗೆ ಬಂದು, ನಾನು ನನ್ನದೇ ನೈಟಿಯಲ್ಲಿದ್ದರೂ ನನ್ನ ಮುಖವನ್ನೇ ನೋಡಿ ಬಾಲ ಆಡಿಸಿತು. ಎತ್ತಿಕೊಂಡು ಮುದ್ದಾಡಿದೆ. ಸವತಿಯನ್ನು ಗೆದ್ದೆ ಅಂತ ನಾಚಿಕೆಯಿಲ್ಲದೆ ಖುಷಿಪಟ್ಟೆ.

ಜೂನ್‌ನಲ್ಲಿ ಲಲಿತಾಳ ವರ್ಷದ ಎಡೆ. ಎಡೆ ಇಟ್ಟ ಮೇಲೆ ಅತ್ತೆ ಒಳಕೋಣೆಗೆ ಹೋದರು. ನೀರು ಕೊಡೋಣವೆಂದು ಹಿಂದೆಯೇ ಹೋದೆ. ಅತ್ತೆ ಚೀಲದ ಬಾಯಿ ಬಿಚ್ಚಿ, ಸೀರೆಯಲ್ಲಿ ಮುಖ ಹುದುಗಿಸಿ ಉಸಿರೆಳೆದುಕೊಳ್ಳುತ್ತಿದ್ದರು. ಅದನ್ನು ಯಾಕೆ ಒಗೆಯದೆ ಇಟ್ಟಿದ್ದಾರೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಅವರು ಇನ್ನೊಂದು ಮಗ್ಗುಲು ಹುಡುಕಿದರು. ಸೆರಗು ಮೂಸಿದರು, ಅಂಚು ಮೂಸಿದರು. ಆಮೇಲೆ ನನ್ನನ್ನು ನೋಡಿದರು.

"ಇದರಾಗ ಲಲಿತಾ ಇಲ್ಲ," ಅಂದರು. "ಬರೇ ನೀನ ಅದಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. "ನಾಯಿ ಸಾಯ್ತಿತ್ರಿ ಅತ್ತಿ," ಅಂದೆ.

"ಛಲೋ ಮಾಡಿದಿ," ಎನ್ನುತ್ತ ಅತ್ತೆ ಸೀರೆಯನ್ನು ನನ್ನ ಕೈಗಿಟ್ಟರು. "ಇನ್ನ ಒಗ್ದ ಹಾಕವಾ. ಇಟಗೊಂಡು ಏನ ಮಾಡೂದೈತಿ."