ಕಣ್ಣು ಬಂದದ್ದಲ್ಲ

ಒಬ್ಬರಿಗೆ ಕಣ್ಣು ಬಂದರೆ ಮನೆಮಂದಿಗೆಲ್ಲ ಬರುತ್ತದೆ. ಇದು ನಮ್ಮ ಕೋಲಾರದ ಕಡೆ ಎಲ್ಲರಿಗೂ ಗೊತ್ತಿರುವ ಕಾಟ. ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ, ನಾಲ್ಕು ದಿನ ಮೂಲೆ ಹಿಡಿದು ಕೂತರೆ ವಾಸಿಯಾಗುತ್ತದೆ. ಸುಬ್ಬರಾಯಪ್ಪನ ಮನೆಯವರೂ ಹಾಗೆಯೇ ಅಂದುಕೊಂಡರು. ಅವರು ಎಡವಿದ್ದು ಅಲ್ಲೇ.

ಸುಬ್ಬರಾಯಪ್ಪ ಕ್ಯಾಲನೂರಿನಲ್ಲಿ ಕುಲುಮೆ ಇಟ್ಟಿದ್ದ ಕಮ್ಮಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ತತ್ವಾರ ಬಂದು, ಬಸ್ಸುಗಳು ಬೆನ್ನಿಗೆ ಪೀಪಾಯಿ ಕಟ್ಟಿಕೊಂಡು ಇದ್ದಲಿನ ಗ್ಯಾಸಿನಲ್ಲಿ ಓಡತೊಡಗಿದವಲ್ಲ, ಆ ಪೀಪಾಯಿಗಳು ಸೀಳು ಬಿಟ್ಟಾಗಲೆಲ್ಲ ಬೆಸೆಯುವವರು ಬೇಕಾದರು. ಕೋಲಾರದ ಒಂದು ಬಸ್ ಶೆಡ್ಡಿನವರು ಕರೆಂಟಿನ ಬೆಸುಗೆ ಮೆಷೀನು ತಂದು ಸುಬ್ಬರಾಯಪ್ಪನನ್ನು ಕೆಲಸಕ್ಕೆ ಕರೆದರು. ಅವನು ಹೆಂಡತಿ ಶಾಮಲಮ್ಮನನ್ನೂ ತಾಯಿ ಮುನಿಯಲ್ಲಮ್ಮನನ್ನೂ ಕರೆತಂದು ಶೆಡ್ಡಿನ ಹಿಂದಿನ ಬೀದಿಯಲ್ಲೇ ಮನೆ ಮಾಡಿದ.

ಮೆಷೀನಿನ ಜೊತೆ ಯಾರೋ ಬಳಸಿ ಬಿಟ್ಟಿದ್ದ ಹೆಲ್ಮೆಟ್ಟೊಂದು ಬಂದಿತ್ತು. ಮುಖವನ್ನೂ ಕತ್ತನ್ನೂ ಮುಚ್ಚುವಂಥದ್ದು, ಕಣ್ಣಿನ ಎದುರಿಗೆ ಕಪ್ಪು ಗಾಜು. ಸುಬ್ಬರಾಯಪ್ಪ ಒಂದೇ ದಿನ ಹಾಕಿಕೊಂಡು ಗೂಟಕ್ಕೆ ನೇತುಹಾಕಿದ. ಕಬ್ಬಿಣದ ಬಣ್ಣ ನೋಡಿಯೇ ಕಾವು ಹೇಳುವವನು ಅವನು. ಕೆಂಪಿಗೆ ಬಂತೋ, ಹಳದಿಗೆ ತಿರುಗಿತೋ ಅವನ ಬರಿಗಣ್ಣಿಗೆ ಕಾಣಬೇಕು.

“ಇದನ್ನ ಹಾಕ್ಕೊಂಡ್ರೆ ಏನೂ ಕಾಣಲ್ಲ. ಕಣ್ಣಿಗೆ ಬಟ್ಟೆ ಕಟ್ಕೊಂಡು ಕೆಲಸ ಮಾಡು ಅಂದಂಗಾಯ್ತು” ಎಂದು ನಗುತ್ತಿದ್ದ. ಮುಖ ಪಕ್ಕಕ್ಕೆ ತಿರುಗಿಸಿ, ಓರೆಗಣ್ಣಿನಲ್ಲಿ ನೋಡುತ್ತ ಬೆಸೆಯುವುದು ಅವನ ರೂಢಿ. ಆಗಾಗ ಕಣ್ಣು ಉರಿಯುತ್ತಿತ್ತು. ಉರಿದರೆ ಉರಿಯಲಿ ಎಂಬ ಜಂಭ.

ಶಾಮಲಮ್ಮ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದಳು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕಿ ಹಿಡಿಯಬೇಕು. ಕೂದಲಿಗಿಂತ ಸಣ್ಣ ಎಳೆ. ಅವಳಷ್ಟು ಬೇಗ ತುದಿ ಹಿಡಿಯುವವರು ಆ ಬೀದಿಯಲ್ಲಿ ಇರಲಿಲ್ಲ. ಅವಳು ಹಾಗೆ ಬಗ್ಗಿ ಕೂತು ಎಳೆ ಹುಡುಕುವುದನ್ನು ನೋಡುತ್ತ ಕೂರುವುದೆಂದರೆ ಸುಬ್ಬರಾಯಪ್ಪನಿಗೆ ಎಲ್ಲಿಲ್ಲದ ಸಂತೋಷ.

ಒಂದು ದಿನ ಶಾಮಲಮ್ಮ ಮುದ್ದೆ, ಸೊಪ್ಪಿನ ಸಾರು ತೆಗೆದುಕೊಂಡು ಶೆಡ್ಡಿಗೆ ಹೋದಳು. ಗಂಡನ ಕೈಯಲ್ಲಿ ನೀಲಿ ಬೆಳಕು ಚಿಮ್ಮುತ್ತಿತ್ತು. ನೋಡಲು ಬಲು ಚೆಂದ. ಕೆಲಸ ಮುಗಿಯುವವರೆಗೂ ಎದುರಿಗೇ ಕೂತು ನೋಡಿದಳು.

ದೀಪ ಹಚ್ಚುವ ಹೊತ್ತಿಗೆ ಅವಳ ಕಣ್ಣಿನಿಂದ ನೀರು ಧಾರೆಯಾಗಿ ಸುರಿಯಿತು. “ಅತ್ತೆ, ಕಣ್ಣೊಳಗೆ ಮರಳು ಸುರಿದಂಗೈತೆ. ದೀಪ ಆ ಕಡೆ ಇಡಿ” ಎಂದಳು. ಸುಬ್ಬರಾಯಪ್ಪನೂ ಆಗಲೇ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದ.

“ಕಣ್ಣು ಬಂದೈತೆ ಅಮ್ಮಾಯಿ. ನಿನ್ನ ಗಂಡನದೇ ನಿನಗೂ ಅಂಟಿದೆ” ಎಂದಳು ಮುನಿಯಲ್ಲಮ್ಮ. ನಂದಿಬಟ್ಟಲು ಹೂವಿನ ರಸ ಹಿಂಡಿ ಇಬ್ಬರ ಕಣ್ಣಿಗೂ ಬಿಟ್ಟಳು. ಒಂದೇ ಸೆರಗಿನಿಂದ ಇಬ್ಬರ ಕಣ್ಣನ್ನೂ ಒರೆಸಿದಳು, ಅದೇ ಸೆರಗಿನಿಂದ ತನ್ನ ಮುಖವನ್ನೂ ಒರೆಸಿಕೊಂಡಳು.

ಬೆಳಿಗ್ಗೆ ಶಾಮಲಮ್ಮ ಹಟ ಹಿಡಿದು ಗೂಡಿನ ಮುಂದೆ ಕೂತಳು. ನೀರಿನಲ್ಲಿ ಬೆರಳಾಡಿಸಿದಳು, ಆಡಿಸಿದಳು, ತುದಿ ಸಿಗಲಿಲ್ಲ. ಕೊನೆಗೆ ಕೈ ಒರೆಸಿಕೊಂಡು ಎದ್ದಳು. ಸುಬ್ಬರಾಯಪ್ಪ ಊದಿದ ರೆಪ್ಪೆಯ ಸಂದಿನಿಂದ ಅದನ್ನು ನೋಡಿದ.

ಅಷ್ಟರಲ್ಲಿ ಗಂಗುಲಪ್ಪ ಬಂದ. ಬೆಂಗಳೂರಿನ ಕಾರ್ಖಾನೆಯಲ್ಲಿ ಬೆಸುಗೆ ಕೆಲಸ ಕಲಿತು ಈಚೆಗೆ ಬಂದಿದ್ದ ಗೆಳೆಯ. ಸುಬ್ಬರಾಯಪ್ಪ ಶೆಡ್ಡಿಗೆ ಯಾಕೆ ಬರಲಿಲ್ಲವೆಂದು ನೋಡಲು ಬಂದಿದ್ದ.

“ಹತ್ರ ಬರಬೇಡ ಕಣೋ, ಕಣ್ಣು ಬಂದೈತೆ” ಎಂದ ಸುಬ್ಬರಾಯಪ್ಪ.

ಗಂಗುಲಪ್ಪ ಹತ್ತಿರವೇ ಬಂದು ಕೂತ. “ಮುನಿಯಲ್ಲಮ್ಮಕ್ಕ, ಇವ್ರಿಬ್ಬರ ಕಣ್ಣು ಒರೆಸಿದ್ದು ಯಾರು?”

“ನಾನೇ ನಾಯನಾ. ಇನ್ಯಾರಿದಾರೆ?”

“ಹಿಂದೆ ಇವನು ಕಣ್ಣು ಕೆಂಪು ಮಾಡ್ಕೊಂಡು ಬಂದಾಗ್ಲೂ ನೀವೇ ತಾನೆ? ಒಂದ್ಸಲಾನಾದ್ರೂ ನಿಮಗೆ ಅಂಟಿತಾ?”

ಮುನಿಯಲ್ಲಮ್ಮ ಯೋಚಿಸಿದಳು. “ಇಲ್ಲ.”

“ಶಾಮಲಮ್ಮ, ನಿನ್ನೆ ಶೆಡ್ಡಿನಲ್ಲಿ ಬೆಳಕು ನೋಡ್ತಾ ಕೂತಿದ್ಯೇನಮ್ಮ?”

“ಹೂನಣ್ಣ. ಚೆನ್ನಾಗಿತ್ತು.”

“ಹಂಗಾದ್ರೆ ಇದು ಕಣ್ಣು ಬಂದದ್ದಲ್ಲ. ಕಣ್ಣು ಹೋಗೋ ದಾರಿ. ಆ ಬೆಳಕಲ್ಲಿ ನಮಗೆ ಕಾಣದೇ ಇರೋ ಸುಡೋ ಕಿರಣ ಇರ್ತದೆ. ತಕ್ಷಣ ಗೊತ್ತಾಗಲ್ಲ, ಸಂಜೆ ಹೊತ್ತಿಗೆ ಉರಿ ಏಳ್ತದೆ. ಕುಲುಮೆ ಬೆಂಕಿನೇ ಬೇರೆ, ಇದೇ ಬೇರೆ.”

“ಗ್ರಹಣಕ್ಕೆ ಮಸಿ ಹಚ್ಚಿದ ಗಾಜು ಹಿಡೀತೀವಲ್ಲ, ಅದು ಸಾಲದಾ?” ಎಂದು ಮುನಿಯಲ್ಲಮ್ಮ ಕೇಳಿದಳು.

“ಸಾಲದು ಅಕ್ಕ. ಮಸಿ ಗಾಜು ಗ್ರಹಣಕ್ಕೂ ಬೇಡ, ಇದಕ್ಕೂ ಬೇಡ. ಈಗ ಏಳಿ, ಆಸ್ಪತ್ರೆಗೆ ಹೋಗೋಣ. ಕಣ್ಣಿಗೆ ಇನ್ನೇನೂ ಬಿಡಬೇಡಿ.”

ಡಾಕ್ಟರು ಮದ್ದು ಹಾಕಿ ಕಣ್ಣಿಗೆ ಪಟ್ಟಿ ಕಟ್ಟಿದರು. “ಈ ಸಲ ವಾಸಿಯಾಗುತ್ತೆ. ಮತ್ತೆ ಮತ್ತೆ ಹೀಗಾದರೆ ನಾನು ಮಾತು ಕೊಡಲಾರೆ” ಎಂದರು. ಮನೆಗೆ ಬರುವಾಗ ಗಂಡ ಹೆಂಡತಿ ಇಬ್ಬರೂ ಮುನಿಯಲ್ಲಮ್ಮನ ಕೈ ಹಿಡಿದುಕೊಂಡು ನಡೆದರು. “ನನ್ನ ಹಟ ನಿನ್ನ ಕಣ್ಣಿಗೆ ಬಿತ್ತಲ್ಲ ಶಾಮಲ” ಎಂದು ಸುಬ್ಬರಾಯಪ್ಪ ದಾರಿಯುದ್ದಕ್ಕೂ ಹಲುಬಿದ.

ಕಣ್ಣು ತಿಳಿಯಾದ ಮೇಲೆ ಗಂಗುಲಪ್ಪ ಶೆಡ್ಡಿನಲ್ಲಿ ಆ ಹೆಲ್ಮೆಟ್ಟನ್ನು ಗೂಟದಿಂದ ಇಳಿಸಿದ. ಗಾಜು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ.

“ಲೇ ಸುಬ್ಬ, ಕಾಣಲ್ಲ ಅಂದಿದ್ದು ಸುಳ್ಳಲ್ಲ ಕಣೋ. ಇದರಲ್ಲಿ ಯಾರಿಗೂ ಕಾಣಲ್ಲ. ಮುಂದೆ ಇರೋದು ಸಾದಾ ಗಾಜು. ಕಿಡಿ ತನ್ನ ಮೇಲೆ ಹಾಕ್ಕೊಳ್ಳೋಕೆ ಅಂತಲೇ ಅದನ್ನ ಇಟ್ಟಿರೋದು. ಚುಕ್ಕೆ ಕೂತು ಮಂಕಾದ್ರೆ ಬದಲಾಯಿಸಬೇಕು. ಹಿಂದಿನ ಕಪ್ಪು ಗಾಜಿಗೆ ನಂಬರು ಇರ್ತದೆ, ನಂಬರು ಹೆಚ್ಚಿದಷ್ಟೂ ಕಪ್ಪು ಜಾಸ್ತಿ. ಇದು ಹದಿನಾಲ್ಕು. ಈ ಪೀಪಾಯಿ ಕೆಲಸಕ್ಕೆ ಹತ್ತೋ ಹನ್ನೊಂದೋ ಸಾಕು. ಕಪ್ಪು ಕಮ್ಮಿಯಾದ್ರೆ ಕಣ್ಣು ಸುಡ್ತದೆ. ಕಪ್ಪು ಜಾಸ್ತಿಯಾದ್ರೆ ನೀನು ಟೋಪಿ ಎತ್ತಿ ನೋಡ್ತೀಯ, ಅದೂ ಒಂದೇ, ಹಾಕದೇ ಇದ್ದದ್ದೂ ಒಂದೇ.”

ಗಂಗುಲಪ್ಪ ತಾನು ತಂದಿದ್ದ ಹನ್ನೊಂದರ ಗಾಜು ಹಾಕಿದ. ಕೂದಲೆಳೆಯಷ್ಟು ಬಿರುಕೂ ಇಲ್ಲವೆಂದು ಮೊದಲೇ ನೋಡಿಕೊಂಡ. ಮುಂದೆ ಹೊಸ ಸಾದಾ ಗಾಜು ಕೂರಿಸಿದ. ಮೂಗಿನ ಮೇಲೆ ಜಾರದ ಹಾಗೆ ತಲೆಯ ಪಟ್ಟಿ ಬಿಗಿ ಮಾಡಿದ.

“ಬೆಸುಗೆ ಕಡ್ಡೀನ ಸೀಳಿನ ಹತ್ರ ಹಿಡಿ, ತಾಗಿಸಬೇಡ. ತಲೆ ಆಡ್ಸು. ಟೋಪಿ ಮುಖದ ಮೇಲೆ ಬೀಳ್ಲಿ. ಆಮೇಲೆ ತಾಗ್ಸು.”

ಸುಬ್ಬರಾಯಪ್ಪ ಹಾಗೆಯೇ ಮಾಡಿದ. ಒಂದು ಗೇಣು ಬೆಸೆದು ಹೆಲ್ಮೆಟ್ಟು ಎತ್ತಿದ. ಕಣ್ಣ ಮುಂದೆ ಚುಕ್ಕೆ ಕುಣಿಯಲಿಲ್ಲ. ಗಾಜಿನೊಳಗಿಂದ ಕರಗಿದ ಕಬ್ಬಿಣ, ಸೀಳಿನ ಎರಡೂ ಅಂಚು ಬಿಡಿಬಿಡಿಯಾಗಿ ಕಂಡಿದ್ದವು.

“ಇಷ್ಟು ದಿನ ನಾನು ಬೆಳಕು ನೋಡ್ತಿದ್ದೆ ಕಣೋ. ಕಬ್ಬಿಣ ನೋಡಿರ್ಲೇ ಇಲ್ಲ” ಎಂದ.

ಅವತ್ತಿನಿಂದ ಅವನು ಸುತ್ತ ತಗಡಿನ ಮರೆ ಇಟ್ಟುಕೊಂಡ. ಕಡ್ಡಿ ತಾಗಿಸುವ ಮೊದಲು “ಕಣ್ಣು” ಎಂದು ಒಂದು ಕೂಗು ಹಾಕುತ್ತಿದ್ದ. ಶೆಡ್ಡಿನವರೆಲ್ಲ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಊಟ ತಂದ ಶಾಮಲಮ್ಮನೂ ಮರೆಯ ಆಚೆಯೇ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಬಿಸಿನೀರಿನಲ್ಲಿ ಬೆರಳಿಟ್ಟು ಎಳೆಯ ತುದಿ ಮೇಲೆತ್ತಿ, “ಕಾಣ್ತದೇನ್ರೀ?” ಎಂದು ಕೇಳಿದಳು. ಸುಬ್ಬರಾಯಪ್ಪ ಎಳೆಯ ಕಡೆ ನೋಡಲೇ ಇಲ್ಲ. ಅವನು ಅವಳ ಕಣ್ಣನ್ನೇ ನೋಡುತ್ತಿದ್ದ. “ಕಾಣ್ತದೆ” ಎಂದ.

ಬೆಸುಗೆ ಕೆಲಸದ ಅಣ್ಣಂದಿರೇ, ನಾಳೆ ಕೆಲಸಕ್ಕೆ ಹೋದ ಕೂಡಲೇ ನಿಮ್ಮ ಹೆಲ್ಮೆಟ್ಟಿನ ಗಾಜನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿ. ಮಂಕಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಕೆಲಸಕ್ಕೆ ತಕ್ಕ ನಂಬರಿಲ್ಲದಿದ್ದರೆ ಮೊದಲು ಅದನ್ನು ಬದಲಾಯಿಸಿ. ಊಟ ತರುವ ಅಕ್ಕತಂಗಿಯರೇ, ಆ ನೀಲಿ ಬೆಳಕು ಎಷ್ಟೇ ಚೆಂದವಿದ್ದರೂ ಅದನ್ನು ನೋಡಬೇಡಿ. ಮನೆಯಲ್ಲಿ ನಿಮ್ಮ ಕಣ್ಣನ್ನು ನೋಡುತ್ತ ಕೂರುವವರು ಇದ್ದಾರೆ.